ಜಾಲರಿಯ ಚಿಲಕ

ಅಪ್ಪನಿಗೆ,

ಚಿಕ್ಕಪ್ಪನ ಬಲಗೈಯನ್ನೇ ತೆಗೆದುಕೊಂಡ, ತಗಡು ಒತ್ತುವ ಹಳೆಯ ಪ್ರೆಸ್ಸನ್ನು ರಿಪೇರಿ ಮಾಡಲು ಮಾಲೀಕ ನನಗೇ ಒಪ್ಪಿಸಿದ್ದಾನೆ. ಬೇರಿಂಗು, ಬೆಲ್ಟು ಗುಜರಿಯಲ್ಲಿ ಸಿಕ್ಕವು. ಕೈ ಒಳಗೆ ಹೋಗದಂತೆ ಮುಂದೆ ಹಾಕಿರುವ ಜಾಲರಿಯ ಚಿಲಕದ ಸ್ಪ್ರಿಂಗ್ ಮಾತ್ರ ಎಲ್ಲೂ ಇಲ್ಲ.

ಜಾಲರಿ ಮುಚ್ಚದೆ ಆ ಯಂತ್ರದ ಅಚ್ಚು ಕೆಳಗಿಳಿಯಬಾರದು, ಆದರೂ ಇಳಿಯಿತು. ತಪ್ಪು ಚಿಕ್ಕಪ್ಪನದೇ ಎಂದು ಮಾಲೀಕ ವಿಚಾರಣೆಗೆ ಬರೆದುಕೊಟ್ಟ. ಚಿಲಕ ಕೆಡಿಸಿದವನು ಮಾಲೀಕನೇ ಎಂದು ನಾನು ಕರಪತ್ರ ಹಂಚಿದೆ. ಚಿಕ್ಕಪ್ಪ ಮಾತ್ರ, "ಬಿಡೋ, ಉಗುರು ಕತ್ತರಿಸೋ ಕೆಲಸ ಅರ್ಧ ಕಮ್ಮಿ ಆಯ್ತು" ಎಂದು ನಗುತ್ತಾರೆ.

ನಿನ್ನೆ ಚಿಲಕದ ಮುಚ್ಚಳ ಬಿಚ್ಚಿದೆ. ಜಾಲರಿ ತೆರೆದಿದ್ದರೂ ಯಂತ್ರ ಓಡಲೆಂದು ಒಳಗೆ ಸ್ಪ್ರಿಂಗಿನ ಬದಲು ತಂತಿ ಬಿಗಿದಿದ್ದರು. ಎಡಕ್ಕೆ ಮೂರು ಸುತ್ತು, ತುದಿ ಒಳಕ್ಕೆ ಮಡಚಿದ್ದು. ನನ್ನ ಸೈಕಲ್ಲಿಗೆ ಬುಟ್ಟಿಯನ್ನು ನೀವು ಕಟ್ಟಿಕೊಟ್ಟದ್ದೂ ಹಾಗೆಯೇ. ಕೈ ಹೋದ ದಿನ ಅದೇ ಯಂತ್ರದಲ್ಲಿ ನಿಮ್ಮ ಪಾಳಿ ಮುಗಿದ ಮೇಲೆ ಚಿಕ್ಕಪ್ಪನ ಪಾಳಿ ಇತ್ತು. ಅಂದೇ ಅಕ್ಕನ ಮನೆಗೆ ಹೋದ ನೀವು ಇನ್ನೂ ಯಾಕೆ ಮರಳಿ ಬಂದಿಲ್ಲವೆಂದು ಈಗ ತಿಳಿಯಿತು.

ಬೇಗ ಬೇಗ ಎಂದು ನಿಮ್ಮ ಬೆನ್ನು ಹತ್ತಿದ ಮಾಲೀಕನನ್ನು ನಾನು ಬಿಡುವುದಿಲ್ಲ. ಆದರೆ ಸೋಮವಾರ ವಿಚಾರಣೆಯಲ್ಲಿ ಆ ತಂತಿಯನ್ನೂ ಮೇಜಿನ ಮೇಲೆ ಇಡುತ್ತೇನೆ.

ಸ್ಪ್ರಿಂಗಿನ ಅಳತೆ ನಿಮಗೆ ಗೊತ್ತು, ಬರುವಾಗ ಬರೆದು ತನ್ನಿ. ಭಾನುವಾರವೇ ಬನ್ನಿ. ಚಿಕ್ಕಪ್ಪನಿಗೆ ನೀವೇ ಹೇಳಬೇಕು.

ನಿಮ್ಮ ಮಗ