ಮಾವನ ಪೇಪರ್ ಟೀಮು

೬ ಸೆಪ್ಟೆಂಬರ್ ೧೯೯೯, ಸೋಮವಾರ. ಮಧ್ಯಾಹ್ನ ಎರಡೂವರೆ

ಪಾತ್ರೆ ಮುಗಿಯಿತು. ಅತ್ತೆ ಮಲಗಿದ್ದಾರೆ. ನಮ್ಮ ಯಜಮಾನರಿಗೆ ಮಾಚೇನಹಳ್ಳಿಯ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟು. ಇವತ್ತೂ ಮಾವನಿಗೆ ಪೇಪರ್ ಓದಿ ಹೇಳಿದೆ — ಬರೀ ಆಟದ ಪುಟ. ಊರೆಲ್ಲ ಎಲೆಕ್ಷನ್ ಎಲೆಕ್ಷನ್ ಎಂದು ಕೂಗುತ್ತಿದ್ದರೆ ಮಾವನಿಗೆ ಬೇಕಾದದ್ದು ಸ್ಕೋರು. "ಕನ್ನಡಕ ರಿಪೇರಿಗೆ ಕೊಟ್ಟಿದೀನಿ ಕಣಮ್ಮಾ" ಎನ್ನುತ್ತಾರೆ. ಮೂರು ವಾರವಾಯಿತು. ಯಾವ ಅಂಗಡಿಯವನಪ್ಪಾ ಅವನು, ಗಾಜನ್ನು ಅವನೇ ಕಾಯಿಸಿ ಮಾಡುತ್ತಿದ್ದಾನೋ ಏನೋ.

೯ ಸೆಪ್ಟೆಂಬರ್, ಗುರುವಾರ. ನಾಲ್ಕು ಗಂಟೆ

ಅತ್ತೆ ಏಳುವ ಮೊದಲು ಬರೆದುಬಿಡುತ್ತೇನೆ.

ಬೀರು ಒರೆಸುವಾಗ ಮಾವನ ಬನಿಯನ್ನುಗಳ ಕೆಳಗೆ ಕನ್ನಡಕ ಸಿಕ್ಕಿತು. ಗಾಜು ಒಡೆದಿಲ್ಲ, ಕಡ್ಡಿ ಮುರಿದಿಲ್ಲ. ಸಿಕ್ಕಿಬಿದ್ದಿರಿ ಎಂದು ತಮಾಷೆ ಮಾಡೋಣವೆಂದು ಹಿಡಿದುಕೊಂಡು ಹೋಗಿ ಮುಂದೆ ನಿಂತೆ. ಕನ್ನಡಕ ಅವರ ಮೂಗಿನಿಂದ ಒಂದು ಮೊಳ ದೂರ.

"ಯಾರು, ತನುಜಾನಾ? ಕಾಫಿ ತಂದ್ಯಾ?" ಎಂದರು.

ಕನ್ನಡಕ ಅವರ ಕೈಗಿಟ್ಟೆ. ಆಮೇಲೆ ಎಲ್ಲ ಹೇಳಿದರು. ಜುಲೈನಲ್ಲಿ ಒಬ್ಬರೇ ಡಾಕ್ಟರ ಹತ್ತಿರ ಹೋಗಿದ್ದರಂತೆ. ಕಣ್ಣಿನ ನರ ಒಣಗಿದೆ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಲು ಡ್ರಾಪ್ಸು. ಬೆಳಕು ತಿಳಿಯುತ್ತದೆ, ಆಕಾರ ತಿಳಿಯುತ್ತದೆ. ಮುಖ ತಿಳಿಯುವುದಿಲ್ಲ. ಮನೆಯೊಳಗೆ ಅಭ್ಯಾಸದ ಮೇಲೆ ಓಡಾಡುತ್ತಿದ್ದಾರೆ. ನಾವು ಮೂವರು ಕಣ್ಣಿದ್ದವರಿಗೆ ಇದು ಕಾಣಲಿಲ್ಲ!

"ಯಾರಿಗೂ ಹೇಳ್ಬೇಡ ಮಾರಾಯ್ತಿ. ನಿಮ್ಮತ್ತೆಗಂತೂ ಬೇಡ, ಹೊಸ್ಲು ದಾಟೋಕೆ ಬಿಡಲ್ಲ. ಮುರುಗೇಶಪ್ಪನ ಕಿವಿಗೆ ಬಿದ್ರೆ ನನ್ನ ಕುರ್ಚಿ ಹೋಯ್ತು ಅಂತ್ಲೇ ಲೆಕ್ಕ."

ಕಣ್ಣು ಹೋಗಿದೆ, ಇವರಿಗೆ ಕುರ್ಚಿಯ ಚಿಂತೆ. ಬೈಯಬೇಕೆನಿಸಿತು. ಬೈಯಲಿಲ್ಲ. ಅಡುಗೆಮನೆಗೆ ಬಂದು ಅತ್ತುಬಿಟ್ಟೆ.

೧೦ ಸೆಪ್ಟೆಂಬರ್

ಕುರ್ಚಿ ಎಂದರೆ ಏನೆಂದು ಇವತ್ತು ವಿವರಿಸಿದರು. ಭದ್ರಾವತಿಯ ಕಾರ್ಖಾನೆಯಲ್ಲಿ ಮಾವ ಫೋರ್‌ಮನ್ ಆಗಿದ್ದಾಗ ಶುರುವಾದ ಆಟ. ಮಾವನೂ ಸೇರಿ ಎಂಟು ಜನ ಸ್ನೇಹಿತರು, ಲೆಕ್ಕದ ರಿಜಿಸ್ಟರು ಮುರುಗೇಶಪ್ಪನವರದು. ನಿಜವಾಗಿ ಆಡುವುದಿಲ್ಲ. ಶಿವಮೊಗ್ಗ-ಭದ್ರಾವತಿಯ ಲೀಗ್ ಕ್ರಿಕೆಟ್ ಮ್ಯಾಚುಗಳಲ್ಲಿ ಆಡುವ ಹುಡುಗರಲ್ಲಿ ತಲಾ ಆರು ಜನರನ್ನು ಸೀಸನ್ನಿಗೆ ಮೊದಲೇ ಆರಿಸಿಕೊಳ್ಳುತ್ತಾರೆ, ಸರದಿಯಂತೆ ಒಂದೊಂದು ಹೆಸರು. ಒಬ್ಬರು ತೆಗೆದುಕೊಂಡವನು ಇನ್ನೊಬ್ಬರಿಗಿಲ್ಲ. ಆಮೇಲೆ ಆ ಹುಡುಗರು ಹೊಡೆದ ರನ್ನಿಗೆ ಒಂದು ಪಾಯಿಂಟು, ವಿಕೆಟಿಗೆ ಇಪ್ಪತ್ತು, ಕ್ಯಾಚಿಗೆ ಹತ್ತು. ಯಾರ ಆರು ಜನ ಹೆಚ್ಚು ಗಳಿಸಿದರೋ ಅವರಿಗೆ ಒಂದು ಶಾಲು. ಇಷ್ಟೇ! ಹತ್ತೊಂಬತ್ತು ವರ್ಷದಿಂದ! ಆಡುವ ಹುಡುಗರಿಗೆ ಈ ವಿಷಯವೇ ಗೊತ್ತಿಲ್ಲವಂತೆ.

ಹೆಸರಿದ್ದವರನ್ನು ಯಾರು ಬೇಕಾದರೂ ಆರಿಸುತ್ತಾರೆ. ಮಾವನ ಖ್ಯಾತಿ ಬೇರೆ. ಯಾರೂ ಮೂಸಿ ನೋಡದವನನ್ನು ಕೊನೆಯ ಸುತ್ತಿನಲ್ಲಿ ಹಿಡಿಯುತ್ತಾರೆ, ಅವನು ಆ ವರ್ಷ ಮಿಂಚುತ್ತಾನೆ. ಅದಕ್ಕೆ ಗ್ರೌಂಡಿಗೆ ಹೋಗಿ ಪ್ರಾಕ್ಟೀಸು ನೋಡಬೇಕು. ಇನ್ನೊಂದು ನಿಯಮ — ಪ್ರತಿಯೊಬ್ಬರೂ ತಮ್ಮ ಪಾಳಿಯ ಭಾನುವಾರ ಗ್ರೌಂಡಿನಲ್ಲಿ ಕೂತು ಸ್ಕೋರ್ ಶೀಟು ಬರೆದು ತರಬೇಕು. ಬರೆಯಲಾಗದವರು ಕುರ್ಚಿ ಬಿಡಬೇಕು. ಹೋದ ವರ್ಷ ಒಬ್ಬರಿಗೆ ಕೈ ನಡುಕ ಬಂತು, ಅವರು ಬಿಟ್ಟು ಬೇರೊಬ್ಬರು ಬಂದರು. ಬಿಟ್ಟವರು ಈಗ ಎದುರಿಗೆ ಸಿಕ್ಕರೂ ಏನು ಮಾತಾಡುವುದೆಂದು ತಿಳಿಯುವುದಿಲ್ಲವಂತೆ.

"ಮುಂದಿನ ಭಾನುವಾರ ನಾನು ಬರ್ತೀನಿ ಮಾವ, ನೋಡಿ ಹೇಳ್ತೀನಿ" ಎಂದುಬಿಟ್ಟೆ. ಕ್ರಿಕೆಟ್ಟಿನಲ್ಲಿ ನನಗೆ ಗೊತ್ತಿರುವುದು ಔಟಾದವರು ಮುಖ ಊದಿಸಿಕೊಂಡು ಬರುತ್ತಾರೆ ಎನ್ನುವುದಷ್ಟೇ.

೧೯ ಸೆಪ್ಟೆಂಬರ್, ಭಾನುವಾರ. ಸಂಜೆ

ಅತ್ತೆಗೆ ಹೇಳಿದ್ದು: ಮಾವನಿಗೆ ಮೊಣಕಾಲು ನೋವು, ಬಸ್ಸು ಹತ್ತಿಸಲು ಜೊತೆ ಬೇಕು. ಸುಳ್ಳು ಸಲೀಸಾಗಿ ಬಂತು. ನನಗೇ ಆಶ್ಚರ್ಯ.

ಶಿವಮೊಗ್ಗದ ಮನೆಯಿಂದ ಹೊರಟು ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಸಮಸ್ಯೆ. ಸೊಸೆಯಾಗಿ ಮಾವನ ಕೈ ಹಿಡಿದು ನಡೆಸುವುದು ಹೇಗೆ? ಅವರಿಗೂ ಸಂಕೋಚ, ನನಗೂ. ಕೊನೆಗೆ ತರಕಾರಿ ಚೀಲ ಕೆಲಸಕ್ಕೆ ಬಂತು. ಒಂದು ಹಿಡಿ ನನ್ನ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ. ಚೀಲದಲ್ಲಿ ಒಂದು ನೀರಿನ ಬಾಟ್ಲಿ ಬಿಟ್ಟರೆ ಏನೂ ಇಲ್ಲ. ನೋಡಿದವರು ಏನೋ ಭಾರ ಹೊತ್ತಿದ್ದಾರೆ ಎಂದುಕೊಂಡಿರಬೇಕು.

ಗ್ರೌಂಡಿನಲ್ಲಿ ಕಾರ್ಖಾನೆ ಟೀಮು ಪ್ರಾಕ್ಟೀಸ್ ಮ್ಯಾಚು ಆಡುತ್ತಿತ್ತು. ನಾನು ನೋಡಿ ನೋಡಿ ಹೇಳಿದೆ. "ಒಬ್ರು ಎಡಗೈಯೋರು ಮಾವ. ಎರಡೇ ಹೆಜ್ಜೆ ಬರ್ತಾರೆ, ಹಂಚಿನ ಮೇಲೆ ರೊಟ್ಟಿ ತಿರುವಿ ಹಾಕೋ ಹಾಗೆ ಮಣಿಕಟ್ಟು ತಿರುಗಿಸ್ತಾರೆ."

ಮಾವ ನೆಟ್ಟಗೆ ಕೂತರು. "ಬಾಲ್ ಬಿದ್ದ ಮೇಲೆ?"

"ಬ್ಯಾಟಿಗೆ ತಾಗಿ ಹಿಂದೆ ಹೋಗುತ್ತೆ. ಗ್ಲೌಸ್ ಹಾಕ್ಕೊಂಡೋರು ಬಗ್ಗೋದೇ ಇಲ್ಲ. ಮೂರು ಸಲ ಬಿಟ್ರು. ಪಕ್ಕದೋರು ಒಂದ್ಸಲ."

"ಅಯ್ಯೋ ಶಿವನೇ!" ಎಂದು ತೊಡೆ ತಟ್ಟಿಕೊಂಡರು. "ಬಿಟ್ಟ ಕ್ಯಾಚು ಸ್ಕೋರ್ ಶೀಟಲ್ಲಿ ಬರಲ್ಲ ಕಣಮ್ಮಾ! ವಿಕೆಟ್ ಇಲ್ಲ ಅಂತ ಎಲ್ರೂ ಅವನನ್ನ ಬಿಟ್ಬಿಡ್ತಾರೆ. ಆ ಕೀಪರ್ ಈ ತಿಂಗಳು ರಿಟೈರು. ಹೊಸಬ ಬಂದು ಹಿಡಿಯೋಕೆ ಶುರು ಮಾಡಿದ್ರೆ ನೋಡು ಮಜಾ. ಯಾರವನು, ಕೇಳು."

ಟೀ ಮಾರುವವನನ್ನು ಕೇಳಿದೆ. "ಫೌಂಡ್ರಿಯೋರು" ಎಂದು ಹೋದ. ಅಷ್ಟರಲ್ಲಿ ಮಾರು ದೂರದಲ್ಲಿ ಕೂತಿದ್ದ ಒಬ್ಬ ದಪ್ಪನೆಯ ಮನುಷ್ಯ ನಮ್ಮ ಕಡೆ ನೋಡಿ ಕೈ ಮುಗಿದ. ಗುರುತಿಲ್ಲದ ಗಂಡಸು. ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡಿದೆ. ಮದುವೆಯಾಗಿ ಐದು ತಿಂಗಳು, ಸೊಸೆ ಕಂಡವರನ್ನೆಲ್ಲ ನೋಡಿ ನಗುತ್ತಾಳೆ ಎಂದು ಯಾರಾದರೂ ಅತ್ತೆಗೆ ಚಾಡಿ ಹೇಳಿದರೆ?

೨೦ ಸೆಪ್ಟೆಂಬರ್

ಹೋದ ವರ್ಷದ ಪಟ್ಟಿ ಹುಡುಕಿದೆ. ಕಾರ್ಖಾನೆ ಟೀಮಿನಲ್ಲಿ — "ಜಟ್ಟಪ್ಪ, ಫೌಂಡ್ರಿ, ಎಡಗೈ ಸ್ಪಿನ್, ೯ ವಿಕೆಟ್." ಸಿಕ್ಕಿದ!

"ಜಟ್ಟಪ್ಪನಾ? ನಲವತ್ತು ದಾಟಿತಲ್ಲ ಅವನಿಗೆ. ದಪ್ಪ ಬೇರೆ."

"ಇಲ್ಲ ಮಾವ, ಸಣ್ಣಗಿದಾರೆ. ಚುರುಕಾಗಿದಾರೆ."

"ಸಣ್ಣಗಾದ್ನಾ? ಶುಗರ್ ಬಂದಿರ್ಬೇಕು ಪಾಪ." ತಲೆ ಕೆರೆದುಕೊಂಡರು. "ನೀನು ನೋಡಿದೀಯ ಅಂದ್ರೆ ಸರಿ ಬಿಡು."

ಎಷ್ಟು ಹಿಗ್ಗಿದೆನೆಂದರೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

೧೦ ಅಕ್ಟೋಬರ್

ಗ್ರೌಂಡಿಗೆ ಹೋದ ಮೂರನೇ ಭಾನುವಾರ ಇದು. ಈಗ ಐದು ಹೆಸರು ಗಟ್ಟಿ. ಶಿವಮೊಗ್ಗದ ಒಬ್ಬ ಹುಡುಗನನ್ನು ನಾನೇ ಹಿಡಿದೆ — ರನ್ ಓಡುವಾಗ ಪ್ರತಿ ಸಲ ಎದುರಿನವನಿಗಿಂತ ಮೊದಲೇ ಮುಟ್ಟಿ ತಿರುಗಿ ನಿಂತಿರುತ್ತಾನೆ. "ಒಂದು ರನ್ ಇರೋ ಕಡೆ ಎರಡು ತೆಗೀತಾನೆ. ಇಂಥೋನೇ ಬೇಕು" ಎಂದರು ಮಾವ. ಹೆಸರು ಆರಿಸುವ ದಿನ ಮೇಜಿನ ಮುಂದೆ ಚೀಟಿ ನೋಡುವಂತಿಲ್ಲವಂತೆ, ಎಲ್ಲ ಬಾಯಿಪಾಠ. ಅದೊಂದು ಪುಣ್ಯ.

ನಮ್ಮಪ್ಪ ನನ್ನ ಹತ್ತಿರ ಇಷ್ಟು ಮಾತಾಡಿದ್ದು ನೆನಪಿಲ್ಲ. ಮಾವನ ಮಗ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಈ ಮನೆಯಲ್ಲಿ ನನಗೆ ಜೊತೆ ಸಿಕ್ಕಿದ್ದು ಮಾವನದು. ಬರೆಯಲು ನಾಚಿಕೆ ಇಲ್ಲ.

೨೪ ಅಕ್ಟೋಬರ್, ಭಾನುವಾರ. ಸಂಜೆ ಆರು

ನನ್ನಿಂದಲೇ ಆಯಿತು. ನನ್ನಿಂದಲೇ.

ಇವತ್ತು ಹೆಸರು ಆರಿಸುವ ದಿನ. ಭದ್ರಾವತಿಯ ಹೋಟೆಲಿನಲ್ಲಿ ಎಂಟು ಜನ ಹೊರಗೆ, ನಾನು ಪಕ್ಕದ ಫ್ಯಾಮಿಲಿ ರೂಮಿನಲ್ಲಿ ಒಂದು ಕಾಫಿ ಇಟ್ಟುಕೊಂಡು. ನಡುವೆ ಪ್ಲೈವುಡ್ಡು. ಎಲ್ಲ ಕೇಳುತ್ತಿತ್ತು. ರಿಜಿಸ್ಟರು ಮುರುಗೇಶಪ್ಪನವರ ಕೈಯಲ್ಲಿ. ಮಾವನ ಮೊದಲೆರಡು ಹೆಸರಿಗೆ "ಅಬ್ಬಾ, ಎಲ್ಲಿಂದ ಹೆಕ್ಕಿದ್ರಿ ಮಾರಾಯ್ರೆ!" ಎಂದರು. ನಾನು ಒಳಗೆ ಒಬ್ಬಳೇ ನಗುತ್ತಿದ್ದೆ.

ಮೂರನೇ ಸುತ್ತು. "ಫೌಂಡ್ರಿ ಜಟ್ಟಪ್ಪ" ಎಂದರು ಮಾವ.

ಒಬ್ಬರು ಕಿಸಕ್ಕನೆ ನಕ್ಕರು. ಆಮೇಲೆ ಮುರುಗೇಶಪ್ಪನವರ ದನಿ, ಮೆಲ್ಲಗೆ. "ಕೊಟ್ರಬಸಪ್ನೋರೇ, ಜಟ್ಟಪ್ಪ ಆಡೋದು ಬಿಟ್ಟು ಎಂಟು ತಿಂಗ್ಳಾಯ್ತು. ಈಗ ಕಿಟ್ ಬ್ಯಾಗ್ ನೋಡ್ಕೊಳ್ತಾನೆ. ಅವನ ಜಾಗಕ್ಕೆ ಬಂದಿರೋನು ಸುದೀಪ, ಅವನೂ ಫೌಂಡ್ರಿನೇ, ಅವನೂ ಎಡಗೈನೇ... ನೀವು ಗ್ರೌಂಡಿಗೆ ಬಂದಿದ್ರಲ್ಲ. ಜಟ್ಟಪ್ಪ ನಿಮ್ಮ ಪಕ್ಕದಲ್ಲೇ ಕೂತಿದ್ನಂತೆ. ಕೈ ಮುಗಿದ್ರೂ ಸಾಹೇಬ್ರು ಮಾತಾಡಿಸ್ಲಿಲ್ಲ ಅಂತ ನೊಂದ್ಕೊಂಡಿದ್ದ." ತಡೆದು, "ಕಣ್ಣು ಕಾಣ್ತಿಲ್ವಾ ನಿಮಗೆ?"

ಆ ದಪ್ಪನೆಯ ಮನುಷ್ಯ! ಕೈ ಮುಗಿದಿದ್ದು ಅವರಿಗೆ. ನಾನು ಸೆರಗು ಸರಿಮಾಡಿಕೊಂಡು ಕೂತಿದ್ದೆ.

ಮಾವ ನನ್ನ ಹೆಸರೆತ್ತಲಿಲ್ಲ. ನೆಪವನ್ನೂ ಹೇಳಲಿಲ್ಲ. "ಹೇಳಿದ ಮೇಲೆ ಮುಗೀತು. ಜಟ್ಟಪ್ಪನ್ನೇ ಬರ್ಕೊಳ್ಳಿ. ಮುಂದಿನೋರು ಹೇಳಿ" ಎಂದರು. ಮುಂದಿನವರು ಮುರುಗೇಶಪ್ಪನವರೇ. ಸುದೀಪನನ್ನು ತೆಗೆದುಕೊಂಡರು. ಆಟ ಆಟವೇ, ಸರಿ. ಆದರೂ ಆ ಗಳಿಗೆಯಲ್ಲಿ ಕಾಫಿ ಲೋಟ ಅವರ ತಲೆಯ ಮೇಲೆ ಬೋರಲು ಹಾಕಬೇಕೆನಿಸಿತು.

ಬಸ್ಸಿನಲ್ಲಿ ತಡೆಯಲಾಗದೆ ಅತ್ತುಬಿಟ್ಟೆ. "ನನ್ನ ತಪ್ಪಿಂದ ಮಾನ ಹೋಯ್ತು ಮಾವ."

"ತಪ್ಪಂತೆ ತಪ್ಪು! ನೀನಿಲ್ದೆ ಇದ್ದಿದ್ರೆ ಈ ವರ್ಷ ನಾನು ಗ್ರೌಂಡಿಗೆ ಕಾಲೇ ಇಡ್ತಿರ್ಲಿಲ್ಲ. ಅಳ್ಬೇಡ, ಕಂಡಕ್ಟರ್ ನಾನೇ ಬೈದೆ ಅಂದ್ಕೊಳ್ತಾನೆ." ಇಳಿದ ಮೇಲೆ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡೆ. ಕೈ ಹಿಡಿದುಕೊಂಡೆ. ನಮ್ಮ ರವೀಂದ್ರನಗರದ ಬೀದಿಯವರೆಲ್ಲ ನೋಡಲಿ.

೨೫ ಅಕ್ಟೋಬರ್

ಮಾವ ಮನೆಯಲ್ಲೂ ಹೇಳಿಬಿಟ್ಟರು. ನಮ್ಮ ಯಜಮಾನರು ಎದ್ದು ಅಪ್ಪನ ಹೆಗಲ ಮೇಲೆ ಕೈಯಿಟ್ಟರು. ಅತ್ತೆ ಒಂದೇ ಪ್ರಶ್ನೆ ಕೇಳಿದರು. "ಮೂವತ್ತೈದು ವರ್ಷ ಸಂಸಾರ ಮಾಡಿದೋಳು ನಾನು. ಹೇಳಿದ್ದು ಸೊಸೆಗಾ?"

೨೯ ಅಕ್ಟೋಬರ್

ಅತ್ತೆ ಇನ್ನೂ ಮಾವನ ಹತ್ತಿರವೂ ನನ್ನ ಹತ್ತಿರವೂ ಮಾತಾಡುತ್ತಿಲ್ಲ. ಅನ್ನ ಬಡಿಸುತ್ತಾರೆ, ಡ್ರಾಪ್ಸು ಹಾಕುತ್ತಾರೆ. ಹಾಕುವಾಗ ಅವರ ಕಣ್ಣಲ್ಲೂ ನೀರು. ನನ್ನ ಮೇಲಿನ ಕೋಪ ನ್ಯಾಯವೇ.

೨ ನವೆಂಬರ್, ಮಂಗಳವಾರ. ಮಧ್ಯಾಹ್ನ

ಮುರುಗೇಶಪ್ಪನವರು ಬಂದಿದ್ದರು. ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದರಲ್ಲಿ ರಿಜಿಸ್ಟರು. ಕೂತರು, ಕೆಮ್ಮಿದರು, ಮಳೆ ಹೋಯಿತು ಎಂದರು, ಚಳಿ ಬಂತು ಎಂದರು. ಬಂದ ವಿಷಯ ಬಾಯಿಗೆ ಬರುತ್ತಿಲ್ಲ. ಮಾವನೇ ಎತ್ತಿದರು.

"ಹದಿನಾಲ್ಕನೇ ತಾರೀಖು ಶೀಟು ಬರೆಯೋ ಪಾಳಿ ನಂದು. ಬರೆಯೋಕಾಗಲ್ಲ. ನಿಯಮ ಮಾಡಿದ್ದು ನಾವೇ ಅಲ್ವೇನಪ್ಪಾ. ನನ್ನ ಹೆಸರು ಹೊಡೆದುಹಾಕು."

ಮುರುಗೇಶಪ್ಪನವರು ಪೆನ್ನು ತೆಗೆಯಲಿಲ್ಲ. ನಾನು ಅಡುಗೆಮನೆ ಬಾಗಿಲಲ್ಲಿದ್ದೆ. ಹಿರಿಯರ ಮಾತಿನ ನಡುವೆ ಬಾಯಿ ಹಾಕಬಾರದು, ಗೊತ್ತು. ಹೊರಗೆ ಬಂದೆ.

"ಶೀಟು ನಾನು ಬರೀತೀನಿ. ಹೆಸರು ಮಾವಂದೇ ಇರ್ಲಿ."

"ಗ್ರೌಂಡಲ್ಲಿ ಅಷ್ಟು ಗಂಡಸ್ರ ಮಧ್ಯೆ, ದಿನಪೂರ್ತಿ..." ಎಂದು ಮುರುಗೇಶಪ್ಪನವರು ಅತ್ತೆಯ ಮುಖ ನೋಡಿದರು.

ಅತ್ತೆ ಎಂಟು ದಿನದ ಮೇಲೆ ಬಾಯಿ ಬಿಟ್ಟರು. "ಅವಳು ಬರೀತಾಳೆ. ನಾನು ಬುತ್ತಿ ಕಟ್ತೀನಿ. ಇನ್ನೇನಾಗ್ಬೇಕು ನಿಮಗೆ?"

ನಮ್ಮತ್ತೆ ದಾಕ್ಷಾಯಣಮ್ಮನವರ ಮುಂದೆ ಯಾವ ನಿಯಮ ನಿಲ್ಲುತ್ತದೆ! ಮುರುಗೇಶಪ್ಪನವರು ಎರಡು ಲೋಟ ಕಾಫಿ ಕುಡಿದು, ಕಣ್ಣು ಒರೆಸಿಕೊಂಡು ಹೋದರು.

೧೪ ನವೆಂಬರ್, ಭಾನುವಾರ. ಒಂದು ಗಂಟೆ, ಗ್ರೌಂಡಿನಲ್ಲಿ

ಊಟದ ಬಿಡುವು. ಸ್ಕೋರ್ ಶೀಟಿನ ಹಿಂದೆ ಬರೆಯುತ್ತಿದ್ದೇನೆ, ಮನೆಗೆ ಹೋಗಿ ಅಂಟಿಸಬೇಕು. ಬೆಳಗಿನಿಂದ ಒಂದು ಬಾಲೂ ತಪ್ಪಿಸಿಲ್ಲ. ನಾಲ್ಕು ಕಡೆ ಹೊಡೆದು ತಿದ್ದಿದ್ದೇನೆ, ಅಷ್ಟೇ.

ಬಂದ ಕೂಡಲೇ ಮಾವ, "ಜಟ್ಟಪ್ಪ ಎಲ್ಲಿ, ನನ್ನ ಅವನ ಹತ್ರ ಕರ್ಕೊಂಡು ಹೋಗು" ಎಂದರು. ಆತ ಕಿಟ್ ಬ್ಯಾಗಿನ ಪಕ್ಕ ಮುಖ ಬಿಗಿದುಕೊಂಡು ನಿಂತಿದ್ದರು. ಮಾವ ಗಟ್ಟಿಯಾಗಿ, ಹತ್ತು ಜನ ಕೇಳುವ ಹಾಗೆ ಹೇಳಿದರು. "ಜಟ್ಟಪ್ಪಾ, ನಂಗೆ ಕಣ್ಣು ಕಾಣಲ್ಲ ಕಣಪ್ಪಾ. ಅವತ್ತು ನೀನು ಕೈ ಮುಗಿದದ್ದು ಗೊತ್ತಾಗ್ಲಿಲ್ಲ. ಮನಸ್ಸಲ್ಲಿ ಇಟ್ಕೋಬೇಡ."

ಆತ ಮಾವನ ಎರಡೂ ಕೈ ಹಿಡಿದುಕೊಂಡು, "ಸಾರ್, ಸಾರ್" ಎಂದರು. ಆಗಿನಿಂದ ನಮ್ಮ ಜೊತೆಯೇ ಕೂತಿದ್ದಾರೆ. ನಾನು ಬಾಯಿ ತೆರೆಯುವ ಮೊದಲೇ "ಸಾರ್, ಆಫ್ ಸ್ಟಂಪ್ ಹೊರಗೆ, ಕಟ್ ಮಾಡ್ದ" ಎಂದು ಎಲ್ಲ ಅವರೇ ಹೇಳುತ್ತಿದ್ದಾರೆ, ನನಗೆ ಗೊತ್ತಿಲ್ಲದ ಪದಗಳಲ್ಲಿ. ಒಳ್ಳೆಯದೇ. ಆದರೂ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಬರೆಯಲಿ.

ಆಟ ಮತ್ತೆ ಶುರುವಾಗುತ್ತಿದೆ. ಸುದೀಪನ ಕೈಗೆ ಬಾಲ್ ಕೊಟ್ಟರು. ಜಟ್ಟಪ್ಪ ಆಗಲೇ, "ಸಾರ್, ನಮ್ಮ ಹುಡುಗ—" ಎಂದು ಶುರುಮಾಡಿದರು. ಮಾವ ಅವರ ತೊಡೆಯ ಮೇಲೆ ಕೈಯಿಟ್ಟು ತಡೆದರು.

"ನೀನು ಸ್ವಲ್ಪ ಸುಮ್ನಿರು ಮಾರಾಯ. ತನುಜಾ ಹೇಳ್ಲಿ. ಅವಳು ಹೇಳಿದ್ರೇ ನಂಗೆ ಕಾಣೋದು."

ಸಾಕು ಬರೆದದ್ದು. ಕಾಯುತ್ತಿದ್ದಾರೆ. ಸುದೀಪ ಎರಡು ಹೆಜ್ಜೆ ಹಿಂದೆ ಹೋದ, ಈಗ ಕೈ—