ಘಟ್ಟದ ಮಣ್ಣೂ ಕೆಂಪೇ, ಮಾಸ್ತರ ಸಾಹೇಬರೇ

ನನ್ನ ಹಿರಿಯ ಗೆಳೆಯರಾದ ಮಾಸ್ತರ ಸಾಹೇಬರಿಗೆ, ನಿಮ್ಮ ಡ್ರಾಯಿಂಗ್ ಮಾಸ್ತರ ಮಲ್ಲಪ್ಪನ ಸಲಾಂ.

ಹುಮನಾಬಾದಿನ ಶಾಲೆಯಲ್ಲಿ ನಾವಿಬ್ಬರೂ ಜಗಳಾಡಿದ ಆ ಮಧ್ಯಾಹ್ನ ನೆನಪಿದೆಯೇ? ಕಾರವಾರದ ಕಡೆಯ ಮಳೆಕಾಡಿನಿಂದ ನಿಮ್ಮ ತಮ್ಮ ಅಂಚೆಯಲ್ಲಿ ಕಳಿಸಿದ್ದ ಎರಡು ಎಲೆಗಳು ಮೇಜಿನ ಮೇಲಿದ್ದವು. ಒಂದು ಅಂಗೈಗಿಂತ ಅಗಲ, ತೆಳ್ಳಗೆ, ತುದಿಗೆ ಉದ್ದನೆಯ ಬಾಲ. ಇನ್ನೊಂದು ಸಣ್ಣದು, ತೊಗಲಿನಂತೆ ಗಟ್ಟಿ. ನನ್ನಿಂದ ಚಿತ್ರ ಬರೆಸಿ, ಎರಡೂ ಬೇರೆ ಬೇರೆ ಮರದವು ಎಂದು ನೀವು ಕೆಳಗೆ ಬರೆದಿರಿ. "ಅಲ್ಲಿ ಮರ ಮುಗಿಲು ಮುಟ್ತಾವಂದ್ರ ಮಣ್ಣು ಹ್ಯಾಂಗಿರಬೇಕು ಮಲ್ಲಪ್ಪ! ರಾಜೇಶ್ವರದ ಕರಿ ಮಣ್ಣಿಗಿಂತ ಜೋರ್ ಇರಬೇಕು. ನಮ್ಮ ಕೆಂಪು ಗರಸು ಮುರಮಿನ್ಯಾಗ ಕುರುಚಲು ಬಿಟ್ರ ಏನದ?" ಎಂದಿರಿ. "ಮಣ್ಣಲ್ರಿ, ಮಳಿ," ಎಂದೆ. ಎರಡು ದಿನ ನನ್ನ ಜೊತೆ ಚಹಾ ಕುಡಿಯಲಿಲ್ಲ ನೀವು!

ನಿಜಾಮನ ಕಡೆಯ ಬಂದೂಕಿನವರು ಗೋರ್ಟಾದಲ್ಲಿ ಜನರನ್ನು ಕೊಂದ ಸುದ್ದಿ ಬಂದ ವಾರ, ನನ್ನ ಹೆಸರೂ ಅವರ ಯಾವುದೋ ಪಟ್ಟಿಯಲ್ಲಿದೆ ಎಂದು ತಿಳಿದು ಬೆಳಗ್ಗೆಯೇ ನಮ್ಮ ಮನೆಗೆ ಬಂದಿರಿ. "ನಿಜಾಮರ ಗಡಿ ದಾಟಿ ಸೊಲ್ಲಾಪುರಕ್ಕ ಹೋಗಿಬಿಡು. ಗಡಿ ತನಕ ನಾ ಬರ್ತೀನಿ." ಹೆಗಲಲ್ಲಿ ಎಲೆ ತುಂಬುವ ಚೀಲ. ರಾಜೇಶ್ವರ ದಾಟಿದ ಮೇಲೆ ಕಾವಲಿನ ನಾಕಾದಲ್ಲಿ ಬಂದೂಕಿನವನೊಬ್ಬ ನಮ್ಮನ್ನು ತಡೆದ.

"ಇಂವ ಯಾರು?"

"ನಮ್ಮ ಶಾಲಿ ಮಾಸ್ತರ. ಎಲಿ ಆರಿಸಾಕ ಹೊಂಟೀವಿ."

"ಎಲಿ? ಇಂಥಾ ದಿನದಾಗ?"

ನೀವು ಪಕ್ಕದ ಅರಳಿಮರದಿಂದ ಒಂದು ಎಲೆ ಕಿತ್ತು, ಅವನದೇ ತಂಬಿಗೆ ಇಸಿದುಕೊಂಡು ಅದರ ಮೇಲೆ ನೀರು ಸುರಿದಿರಿ. "ನೋಡ್ರಿ, ನೀರು ಬಾಲದಿಂದ ಹ್ಯಾಂಗ ಇಳಿಯಾಕತ್ತದ. ಮಳೆಕಾಡಿನ ಎಲಿಗೂ ಇಂಥಾದೇ ಬಾಲ. ದಿನಾ ಮಳಿ ಬೀಳೋ ಕಡಿ ಎಲಿ ಮ್ಯಾಲ ನೀರು ನಿಂತ್ರ ಪಾಚಿ ಹಿಡೀತದ..." ಪಾಠ ನಿಲ್ಲಲೇ ಇಲ್ಲ. "ಬಸ್ ಮಾಸ್ತರ, ಹೋಗ್ರಿ," ಎಂದ ಅವನು ಬೇಸತ್ತು. ನನಗೆ ಅಂಜಿಕೆಯಾಗಿತ್ತು. ನಿಮಗೆ? ಕೇಳಲೇ ಇಲ್ಲ ನಾನು.

ಮಿಲಿಟರಿ ಬಂದು ನಿಜಾಮನ ಆಳ್ವಿಕೆ ಮುಗಿದ ದಿನ ಸೊಲ್ಲಾಪುರದಲ್ಲಿ ಪೇಢೆ ಹಂಚಿದೆವು. ಊರಿನಲ್ಲಿ ಈಗ ಅಂಜಬೇಕಾದವರು ಮುಸಲ್ಮಾನರಾದ ನೀವು ಎಂದು ನನಗೇಕೆ ಹೊಳೆಯಲಿಲ್ಲ? ಕಲ್ಯಾಣದ ನಿಮ್ಮ ಮನೆಗೆ ಬರುವಷ್ಟರಲ್ಲಿ ನೀವು ತೀರಿಹೋಗಿ ಎಂಟು ದಿನವಾಗಿತ್ತು. "ಜ್ವರ ಇತ್ರಿ. ಬಾಗಿಲಾ ತೆಗಿಯಾಕ ಅಂಜಿಕಿ. ಹಕೀಮರನ್ನ ಕರಿಯಾಕ ಯಾರ್ನ ಕಳಿಸಲಿ?" ಎಂದರು ಭಾಭಿ. ನೀವು ನನ್ನನ್ನು ನಾಕಾ ದಾಟಿಸಿದಿರಿ. ನಿಮ್ಮ ಬಾಗಿಲಲ್ಲಿ ನಿಂತು, ಇವರು ನಮ್ಮವರು ಎನ್ನಬೇಕಾದಾಗ ನಾನು...

ಈ ಬೇಸಿಗೆ ರಜೆಯಲ್ಲಿ ನಿಮ್ಮ ತಮ್ಮ ನನ್ನನ್ನು ಆ ಕಾಡಿಗೆ ಕರೆದೊಯ್ದರು. ಗಾಳಿಗೆ ಉರುಳಿದ ಒಂದು ಮರವನ್ನು ಬುಡದಿಂದ ತುದಿಯವರೆಗೆ ನೋಡುತ್ತ ನಡೆದೆ. ನೆರಳಿನಲ್ಲಿದ್ದ ಕೆಳಗಿನ ಕೊಂಬೆಯಲ್ಲಿ ಬೆಳಕು ಹಿಡಿಯಲು ಅಗಲವಾದ, ಬಾಲದ ಎಲೆ. ಬಿಸಿಲು ಗಾಳಿಗೆ ಒಡ್ಡಿಕೊಂಡಿದ್ದ ತುದಿಯಲ್ಲಿ ಸಣ್ಣ, ಗಟ್ಟಿ ಎಲೆ. ಎರಡೂ ಒಂದೇ ಮರದವು, ಸಾಹೇಬರೇ! ಗುದ್ದಲಿ ಇಸಿದುಕೊಂಡು ಗುಣಿ ತೋಡಿದೆ. ಮೇಲೆ ಒಂದು ಗೇಣು ಕೊಳೆತೆಲೆಯ ಕಪ್ಪು ಮಣ್ಣು. ಕೆಳಗೆ ನಮ್ಮ ಹುಮನಾಬಾದಿನಂಥದೇ ಕೆಂಪು ಮುರಮು. ಬೇರುಗಳೆಲ್ಲ ಹೆಚ್ಚುಕಡಿಮೆ ಆ ಗೇಣಿನಲ್ಲೇ ಹೆಣೆದುಕೊಂಡಿದ್ದವು. ತಾನು ಉದುರಿಸಿದ್ದನ್ನೇ ಮಳೆಯಲ್ಲಿ ಕೊಳೆಸಿಕೊಂಡು ಉಣ್ಣುತ್ತದೆ ಆ ಕಾಡು. ಗೆದ್ದೆ ಎಂದು ಕೂಗಬೇಕೆನ್ನಿಸಿತು. ಯಾರ ಮುಂದೆ ಕೂಗಲಿ? ತುಸು ದೂರದಲ್ಲಿ ಮರ ಕಡಿದ ಬಯಲಿತ್ತು. ಅದೇ ಮಳೆ ಅಲ್ಲಿ ಗೇಣು ಮಣ್ಣನ್ನೂ ಕೊಚ್ಚಿಕೊಂಡು ಹೋಗಿ ಬರೀ ಮುರಮು ಉಳಿಸಿತ್ತು. ಹಾಗಾಗಿ ನಾನೂ ಪೂರ್ತಿ ಗೆದ್ದಿಲ್ಲ ಬಿಡಿ.

ನಿನ್ನೆ ಭಾಭಿಯವರಿಗೆ ಇದನ್ನೆಲ್ಲ ಹೇಳಿದೆ. ನೀವು ಹೋದಾಗಿನಿಂದ ನಾನು ಅವರ ನಗು ಕಂಡಿರಲಿಲ್ಲ. ನಿನ್ನೆ ನಕ್ಕರು. "ಅವರು ಒಪ್ಪತಿದ್ದಿಲ್ರಿ. ಒಂದೇ ಗುಣಿ ನೋಡಿ ಹ್ಯಾಂಗ ಹೇಳ್ತಿ ಮಲ್ಲಪ್ಪ, ಅಂತಿದ್ರು."

ಅನ್ನುತ್ತಿದ್ದಿರಿ, ಹೌದು. ಮುಂದಿನ ಬೇಸಿಗೆಗೆ ಮತ್ತೆ ಹೋಗುತ್ತೇನೆ. ಹೊಳೆಯಾಚೆ ಇನ್ನೊಂದು ಗುಣಿ ತೋಡುತ್ತೇನೆ.