ಶಾಲು ಹೊದಿಸಿದ ತಪ್ಪಿಗೆ

ದೂರು ವಿಚಾರಣಾಧಿಕಾರಿಗಳೇ,

ನನ್ನ ಹೆಂಡತಿ ಗುರುಸಿದ್ದಮ್ಮನ ಪಿತ್ತನಾಳ ಕತ್ತರಿಸಿದ ವೈದ್ಯರ ಮೇಲೆ ನಾನು ಕೊಟ್ಟ ದೂರನ್ನು ತಾವು ಒಂದು ಫೋಟೋ ನೋಡಿ ಮುಗಿಸಿದ್ದೀರಿ. ‘ಆಸ್ಪತ್ರೆಯವರು ಒದಗಿಸಿದ ಛಾಯಾಚಿತ್ರವನ್ನು ಪರಿಶೀಲಿಸಲಾಗಿ, ದೂರುದಾರರು ಚಿಕಿತ್ಸೆಯಿಂದ ತೃಪ್ತರಾಗಿ ವೈದ್ಯರನ್ನು ಸನ್ಮಾನಿಸಿರುವುದು ಕಂಡುಬಂದಿದ್ದು, ದೂರನ್ನು ಮುಕ್ತಾಯಗೊಳಿಸಲಾಗಿದೆ.’ ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು ನಾನು. ತಮ್ಮ ಆದೇಶದಲ್ಲಿ ಒಂದು ಕಾಗುಣಿತದ ತಪ್ಪೂ ಸಿಗಲಿಲ್ಲ. ತಪ್ಪು ಇರುವುದು ಅವಳ ಹೊಟ್ಟೆಯಲ್ಲಿ, ಅದನ್ನು ಮಾತ್ರ ಯಾರೂ ಪರಿಶೀಲಿಸಲಿಲ್ಲ.

ಸನ್ಮಾನ ಮಾಡಿದ್ದು ನಿಜ. ಅದು ನನ್ನ ಚಟ. ಹಿರೀಸಾವೆಯಲ್ಲಿ ನನ್ನಿಂದ ಶಾಲು ಹೊದಿಸಿಕೊಳ್ಳದವರು ಕಡಿಮೆ. ವರ್ಗವಾಗಿ ಹೋದ ಬ್ಯಾಂಕ್ ಮ್ಯಾನೇಜರಿಗೆ, ನಿವೃತ್ತನಾದ ಬಸ್ ಕಂಡಕ್ಟರಿಗೆ, ಕೆಟ್ಟ ಬೋರ್‌ವೆಲ್ ಸರಿಮಾಡಿದವನಿಗೂ ಹೊದಿಸಿದ್ದೇನೆ. ಅಂದಮೇಲೆ ಹಾಸನದಲ್ಲಿ ಹೆಂಡತಿಯ ಪಿತ್ತಕೋಶದ ಕಲ್ಲು ತೆಗೆದ ಡಾಕ್ಟರನ್ನು ಬಿಡುತ್ತೇನೆಯೇ? ಮನೆಗೆ ಕಳಿಸುವ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ತಂದಿದ್ದೆ. ಡಾಕ್ಟರು ಬಂದಿದ್ದರು, ಫೋಟೋಗ್ರಾಫರ್ ಅರುಣ್‌ಕುಮಾರ್ ಬಂದಿರಲಿಲ್ಲ. ಇಪ್ಪತ್ತು ನಿಮಿಷ ಕಾದೆವು.

“ಒಟ್ಟೆ ಒಳ್ಗೆ ಉರಿತೈತೆ ಕಣ್ರೀ, ನಿಂತ್ಕೊಳಾಕಾಯ್ತಿಲ್ಲ” ಎಂದಳು ಗುರುಸಿದ್ದಮ್ಮ. ಬೆಳಗ್ಗೆ ನರ್ಸಿಗೂ ಹೇಳಿದ್ದಳಂತೆ, ಅವರು ಗ್ಯಾಸ್ ಎಂದಿದ್ದರು. ಡಾಕ್ಟರಿಗೂ ಕೇಳಿಸಿತು. ಅವರು ಮೊಬೈಲಿನಿಂದ ತಲೆ ಎತ್ತಲಿಲ್ಲ. ನಾನಾದರೂ ಏನು ಮಾಡಿದೆ? “ಸುಮ್ನಿರು, ಬತ್ತಾವ್ನೆ. ಒಸಿ ನಗು” ಎಂದೆ.

ಮೂರನೇ ದಿನಕ್ಕೆ ಅವಳ ಕಣ್ಣು ಅರಿಶಿನದಂತಾಯಿತು. ಮೈಸೂರಿನಲ್ಲಿ ಮತ್ತೆ ಹೊಟ್ಟೆ ತೆರೆದವರು, ನಾಳ ತುಂಡಾಗಿ ಪಿತ್ತವೆಲ್ಲ ಒಳಗೆ ಸೋರಿದೆ ಎಂದರು. ಎರಡು ವರ್ಷ ತುಂಬುವ ಮೊದಲೇ ಮೂರು ಆಪರೇಷನ್ ಆದವು. ಈಗ ಅವಳ ಪಕ್ಕೆಯಿಂದ ಒಂದು ಕೊಳವೆ, ಅದರ ತುದಿಗೆ ಒಂದು ಚೀಲ, ಊಟಕ್ಕೆ ಗಂಜಿ. ಸಾವಿರಕ್ಕೊಬ್ಬರಿಗೆ ಹೀಗಾಗುತ್ತದೆ ಎಂದು ಡಾಕ್ಟರು ಹೇಳಿದರು. ಇರಬಹುದು. ಆದರೆ ಹಾಗೆ ಹೇಳಬೇಕಾದವರು ಆಪರೇಷನ್ ಕಾಗದ ಓದಿದ ತಜ್ಞರಲ್ಲವೇ? ಅಥವಾ ತಮ್ಮ ಕಚೇರಿಯಲ್ಲಿ ಸ್ಕ್ಯಾನಿಂಗ್ ಯಂತ್ರಕ್ಕೆ ಬದಲು ಆಲ್ಬಮ್ ಇಟ್ಟಿದ್ದೀರೋ? ತಮಗೂ ಕಳೆದ ತಿಂಗಳು ಅರಕಲಗೂಡಿನಲ್ಲಿ ಯಾರೋ ಶಾಲು ಹೊದಿಸಿದರಂತೆ. ಅವರೆಲ್ಲ ತಮ್ಮ ಕೆಲಸದಿಂದ ತೃಪ್ತರಾಗಿದ್ದರೆಂದು ನಂಬಿಬಿಟ್ಟಿರಾ?

ತಮ್ಮ ಆದೇಶ ಕೈಗೆ ಬಂದ ಮೇಲೆ, ಕೋರ್ಟಿಗೆ ಹೋಗಲೋ ಬೇಡವೋ ಎಂದು ಹೊಳೆನರಸೀಪುರದ ವಕೀಲ ಶಾಂತರಾಜುವನ್ನು ಕೇಳಿದೆ. ನನ್ನ ಹಳೆಯ ವಿದ್ಯಾರ್ಥಿ. “ಕೇಸ್ ಆಕ್ಬೋದು ಸಾ. ಆದ್ರೆ ಎದುರು ವಕೀಲ್ರು ಮೊದ್ಲು ನಿಮ್ಮನ್ನೇ ನಿಲ್ಲುಸ್ತಾರೆ. ಎಂಡ್ತಿ ಉರಿ ಅಂದಾಗ ನೀವೇನ್ ಮಾಡ್ತಿದ್ರಿ ಅಂತ ಕೇಳ್ತಾರೆ” ಎಂದ. ಅವತ್ತಿನಿಂದ ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡು ಕೂತೆ. ಡಾಕ್ಟರಿಗೆ ಹೆದರಿ ಅಲ್ಲ, ಆ ಒಂದು ಪ್ರಶ್ನೆಗೆ ಹೆದರಿ. ನಾಚಿಕೆಯಾಗುತ್ತದೆ ಹೇಳಲು.

ಮೊನ್ನೆ ಚೀಲ ಬದಲಿಸುತ್ತಿದ್ದಾಗ ಗುರುಸಿದ್ದಮ್ಮನೇ ಹೇಳಿದಳು: “ನಿಮ್ ಮರ್ವಾದೆ ಓಯ್ತದೆ ಅಂತ ಅವತ್ತು ಒಟ್ಟೆ ಇಡ್ಕಂಡು ನಿಂತಿದ್ದೆ. ಈಗ ನನ್ ಒಟ್ಟೆಗೋಸ್ಕರ ನೀವು ಮರ್ವಾದೆ ಬುಡಿ.”

ಬಿಟ್ಟಿದ್ದೇನೆ. ಬರುವ ತಿಂಗಳಿಗೆ ಆ ಮೊದಲ ಆಪರೇಷನ್ ಆಗಿ ಎರಡು ವರ್ಷ ತುಂಬಿ ಕೇಸಿನ ಗಡುವು ಮುಗಿಯುತ್ತದೆ. ಹತ್ತು ದಿನದೊಳಗೆ ಆಪರೇಷನ್ ದಾಖಲೆಯ ಪೂರ್ತಿ ಪ್ರತಿ ಕೊಡಿಸಿ, ಬೇರೆ ಜಿಲ್ಲೆಯ ಶಸ್ತ್ರವೈದ್ಯರಿಂದ ಅವಳನ್ನು ಪರೀಕ್ಷೆ ಮಾಡಿಸಿ. ಇಲ್ಲವಾದರೆ ಹನ್ನೊಂದನೇ ದಿನ ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆ. ನನ್ನ ಮೊದಲ ಸಾಕ್ಷಿ ತಾವು ಪರಿಶೀಲಿಸಿದ ಅದೇ ಫೋಟೋ. ನಡುವೆ ಶಾಲು ಹೊದ್ದ ಡಾಕ್ಟರು ಇದ್ದಾರೆ. ತಾವು ನೋಡದೆ ಬಿಟ್ಟ ಎಡಗಡೆಯಲ್ಲಿ ಒಬ್ಬ ಹೆಂಗಸು ಎರಡೂ ಕೈಯಲ್ಲಿ ಹೊಟ್ಟೆ ಒತ್ತಿಕೊಂಡು ನಿಂತಿದ್ದಾಳೆ.

ಇಂತಿ,
ಅದೇ ಫೋಟೋದ ಬಲಗಡೆ ಹಲ್ಲು ಬಿಟ್ಟುಕೊಂಡು ನಿಂತಿರುವವನು,
ಪರಮಶಿವಯ್ಯ, ನಿವೃತ್ತ ಶಿಕ್ಷಕ, ಹಿರೀಸಾವೆ